ಮುಖ ಕಾಣದ ಫೋಟೋ

ಮಾಹಿತಿ ಸುರಕ್ಷತೆ ಎಂಬ ಹೊಸ ಪಾಠ ಶಿವಮೊಗ್ಗದ ನಮ್ಮ ನರ್ಸಿಂಗ್ ಕಾಲೇಜಿಗೆ ಬಂದಾಗ ಅದನ್ನು ಯಾರ ತಲೆಗೆ ಕಟ್ಟುವುದೆಂದು ಸ್ಟಾಫ್ ರೂಮಿನಲ್ಲಿ ದೊಡ್ಡ ಚರ್ಚೆಯಾಯಿತು. ಕಂಪ್ಯೂಟರ್ ಬಲ್ಲವರು ತಮಗೆ ಬಾರದು ಎಂದರು. ನಿಜವಾಗಿಯೂ ಬಾರದವರು ರಜೆ ಅರ್ಜಿ ಬರೆಯತೊಡಗಿದರು. ಪ್ರಿನ್ಸಿಪಾಲರು ಎಲ್ಲರ ಮೇಲೂ ಕಣ್ಣಾಡಿಸಿ, ಕೊನೆಗೆ ಮೇಜಿನ ಮೇಲಿದ್ದ ನನ್ನ ಗುಂಡಿ ಒತ್ತುವ ಹಳೆಯ ಫೋನನ್ನು ನೋಡಿದರು.

“ಶಾರದಮ್ಮೋರೇ, ನಿಮ್ಮ ಫೋನಿಂದ ಯಾರಿಗೂ ಏನೂ ಕದಿಯೋಕಾಗಲ್ಲ. ಈ ಪಾಠಕ್ಕೆ ನೀವೇ ಸರಿ,” ಎಂದರು.

ಹಾಗೆ ನಾನು ಮೊಬೈಲ್ ತಜ್ಞೆಯಾದೆ. ಅರ್ಧ ಆಯುಸ್ಸು ವಾರ್ಡಿನಲ್ಲಿ ಸಿಸ್ಟರ್ ಆಗಿ, ಇನ್ನರ್ಧ ಕಾಲೇಜಿನಲ್ಲಿ ಟ್ಯೂಟರ್ ಆಗಿ ಕಳೆದವಳು ನಾನು. ಬೆಡ್‌ಸೋರ್ ಎಂಬ ಮಲಗಿದವರ ಹುಣ್ಣು ಆಗದಂತೆ ರೋಗಿಯನ್ನು ಹೊರಳಿಸುವುದು ಹೇಗೆಂದು ನಿದ್ದೆಯಲ್ಲಿ ಕೇಳಿದರೂ ಹೇಳುತ್ತಿದ್ದೆ. ಪಾಸ್‌ವರ್ಡ್ ವಿಷಯ ಕೇಳಿದರೆ ಮಾತ್ರ ನೀರು ಕುಡಿಯುವ ನೆಪ ಹುಡುಕುತ್ತಿದ್ದೆ. ಈಗ ಅದೇ ಪಾಠ ಹೇಳಲು ಸೇರಿರುವ ಹುಡುಗಿಯರು ಫೋನ್ ಮಾಡಿ, “ಮೇಡಂ, ನಿಮ್ಮ ನೋಟ್ಸ್ ಇದ್ರೆ ಕೊಡಿ” ಎನ್ನುತ್ತಾರೆ. ನೋಟ್ಸ್ ನನ್ನ ಬಳಿ ಇಲ್ಲ ಮಾರಾಯ್ತಿಯರಾ. ಇರುವುದು ಈ ಕೆಲವು ಸಂಗತಿಗಳು.

ಪಾಠ ಶುರುವಾಗುವ ಮುಂಚೆ ನಮಗೂ ವಿದ್ಯಾರ್ಥಿನಿಯರಿಗೂ ಒಟ್ಟಿಗೇ ಒಂದು ದಿನದ ತರಬೇತಿ ಇತ್ತು. ಬೆಂಗಳೂರಿನಿಂದ ಒಬ್ಬ ತಜ್ಞರು ಬಂದಿದ್ದರು. ಕೋಟು, ಟೈ, ಶಿವಮೊಗ್ಗದ ಏಪ್ರಿಲ್ ಸೆಕೆ. ಲ್ಯಾಪ್‌ಟಾಪನ್ನು ಪರದೆಗೆ ಜೋಡಿಸಿ, “ಪಾಸ್‌ವರ್ಡ್ ಅನ್ನೋದು ಹಲ್ಲುಜ್ಜೋ ಬ್ರಷ್ ಇದ್ದ ಹಾಗೆ, ಯಾರ ಜೊತೆಯೂ ಹಂಚಿಕೊಳ್ಳಬಾರದು” ಎಂದು ಹೇಳುತ್ತಲೇ ತಮ್ಮ ಖಾತೆ ತೆರೆಯಲು ಹೋದರು. ಸೆಕೆಗೋ ಗಡಿಬಿಡಿಗೋ, ಹೆಸರು ಬರೆಯುವ ಜಾಗದಲ್ಲಿ ಪಾಸ್‌ವರ್ಡನ್ನೇ ಹೊಡೆದುಬಿಟ್ಟರು. ಗೋಡೆಯಷ್ಟು ದೊಡ್ಡ ಅಕ್ಷರದಲ್ಲಿ ಅವರ ಹೆಂಡತಿಯ ಹೆಸರು, ಹುಟ್ಟಿದ ವರ್ಷ ಸಮೇತ ಮೂಡಿತು. ಮುಂದಿನ ಸಾಲಿನಲ್ಲಿದ್ದ ವಿದ್ಯಾರ್ಥಿನಿಯರು ಶ್ರದ್ಧೆಯಿಂದ ಅದನ್ನೂ ಬರೆದುಕೊಂಡರು. ಆ ಒಂದು ನಿಮಿಷದಲ್ಲಿ ನನಗೆ ಈ ಪಾಠದ ಬಗ್ಗೆ ಇದ್ದ ಹೆದರಿಕೆಯೆಲ್ಲ ಹೋಯಿತು. ತಜ್ಞರಿಗೇ ಹೀಗಾದರೆ ನನಗೆ ಆಗುವುದರಲ್ಲಿ ಅವಮಾನವೇನಿಲ್ಲ ಎನ್ನಿಸಿತು.

ನಮ್ಮ ಕೆಲಸದವರು ಮಾಡುವ ತಪ್ಪುಗಳೇ ಬೇರೆ. ಬ್ಯಾಂಕಿನವರಿಗೆ ಹೇಳುವ ಬುದ್ಧಿವಾದ ನಮಗೆ ಹೊಂದುವುದಿಲ್ಲ. ನರ್ಸ್ ಎಂದರೆ ಏನನ್ನಾದರೂ ಪ್ಲಾಸ್ಟರ್ ತುಂಡಿನ ಮೇಲೆ ಬರೆದು ಅಂಟಿಸುವವಳು. ಡ್ರಿಪ್ ಬಾಟಲಿಗೆ, ಸಿರಿಂಜಿಗೆ, ಊಟದ ಡಬ್ಬಿಗೆ, ಎಲ್ಲದಕ್ಕೂ. ಹಾಗಾಗಿ ವಾರ್ಡಿಗೆ ಕಂಪ್ಯೂಟರ್ ಬಂದಾಗ ಅದರ ಪಾಸ್‌ವರ್ಡನ್ನೂ ಪ್ಲಾಸ್ಟರಿನ ಮೇಲೆ ದುಂಡಗೆ ಬರೆದು ಪರದೆಯ ನೆತ್ತಿಗೆ ಅಂಟಿಸಿದ್ದರು. ನಾನು ಕಿತ್ತು ಹಾಕಿ ಹೊಸ ಪಾಸ್‌ವರ್ಡ್ ಇಟ್ಟು ಬಂದೆ. ಮರುದಿನ ಹೋದರೆ ಅದೂ ಪ್ಲಾಸ್ಟರ್ ಏರಿ ಕೂತಿತ್ತು. ಈ ಸಲ ಧೂಳಾಗದಿರಲಿ ಎಂದು ಮೇಲೊಂದು ಪ್ಲಾಸ್ಟಿಕ್ ಹಾಳೆ ಬೇರೆ.

ಇನ್ನೊಂದು ಗ್ಲೌಸಿನ ಕಥೆ. ಕೈಗೆ ಗ್ಲೌಸ್ ಹಾಕಿಕೊಂಡ ಮೇಲೆ ಜೇಬಿನ ಫೋನ್ ಬಡಿದುಕೊಂಡರೆ ಏನು ಮಾಡುವುದು? “ಮಾರಾಯ್ತಿ, ಒಂಚೂರು ನನ್ನ ಫೋನ್ ತೆಗಿ. ಮೇಲಿಂದ ಅಡ್ಡ ಎಳೆದು ಕೆಳಗೆ ಓರೆ ಎಳಿ” ಎಂದು ಪಕ್ಕದವಳಿಗೆ ಹೇಳುವುದು. ಮೂರು ತಿಂಗಳ ಪೋಸ್ಟಿಂಗ್ ಮುಗಿಯುವ ಹೊತ್ತಿಗೆ ಇಡೀ ಬ್ಯಾಚಿಗೆ ಇಡೀ ಬ್ಯಾಚಿನ ಬೀಗ ಗೊತ್ತು. ಯಾರಿಗೆ ಯಾರ ಮೇಲೆ ಮನಸ್ಸು ಎಂಬುದೂ ಹಾಗೆಯೇ ಗೊತ್ತಾಗುತ್ತಿತ್ತು, ಅದು ಬೇರೆ ವಿಷಯ.

ಮೊಬೈಲ್ ಬಂದ ಮೇಲೆ ಗುಟ್ಟೆಂಬುದೇ ಉಳಿದಿಲ್ಲ ಎಂದು ನಮ್ಮ ವಯಸ್ಸಿನವರು ಗೊಣಗುವುದುಂಟು. ಅವರು ನಮ್ಮ ಭದ್ರಾವತಿ ಬಸ್ಸನ್ನು ಹತ್ತಿದವರಲ್ಲ. ನನ್ನ ಮನೆ ಭದ್ರಾವತಿ. ದಿನಾ ಬೆಳಿಗ್ಗೆ ನಾವು ನಾಲ್ಕಾರು ಸಿಸ್ಟರುಗಳು ಒಂದೇ ಬಸ್ಸಿನಲ್ಲಿ ಶಿವಮೊಗ್ಗಕ್ಕೆ ಬರುತ್ತಿದ್ದೆವು. ಹತ್ತಿದ ಕೂಡಲೇ ಹಿಂದಿನ ದಿನದ ವಾರ್ಡಿನ ವಾರ್ತೆ ಶುರು. ಒಂದು ದಿನ ಮಲವಗೊಪ್ಪ ದಾಟುವಾಗ ಕಂಡಕ್ಟರ್ ಟಿಕೆಟ್ ಹರಿಯುತ್ತಾ, “ಏನ್ ಸಿಸ್ಟರ್, ಆ ಕಿಡ್ನಿ ಕಲ್ಲಿನ ಮೇಷ್ಟ್ರು ಡಿಸ್ಚಾರ್ಜ್ ಆದ್ರಾ?” ಎಂದು ಕೇಳಿದ. ನಾವು ಉತ್ತರ ಹೇಳುವ ಮೊದಲೇ ಹಿಂದಿನ ಸೀಟಿನ ಹೆಂಗಸು, “ಇನ್ನೂ ಇಲ್ಲವಂತೆ, ಸೋಮವಾರ ಕಳಿಸ್ತಾರಂತೆ” ಎಂದಳು. ಇದನ್ನು ನಾನು ಪ್ರತಿ ಹೊಸ ಬ್ಯಾಚಿಗೂ ಹೇಳುತ್ತಿದ್ದೆ. ಹುಡುಗಿಯರು ಹೊಟ್ಟೆ ಹುಣ್ಣಾಗುವಂತೆ ನಗುತ್ತಿದ್ದರು.

ನಗು ನಿಂತ ಮೇಲೆ, “ಈಗ ನಿಮ್ಮ ಫೋನನ್ನು ಬೀಗ ತೆಗೆದು ಬಲಗಡೆ ಕೂತವಳ ಕೈಗೆ ಕೊಡಿ. ಅವಳು ಬೇಕಾದ್ದು ನೋಡಲಿ” ಎನ್ನುತ್ತಿದ್ದೆ. ಆಗ ನೋಡಬೇಕಿತ್ತು ಮುಖಗಳನ್ನು. ಬೀಗ ಮೊದಲೇ ಗೊತ್ತಿದ್ದರೂ, ಅನುಮತಿ ಕೊಟ್ಟು ನೋಡಿಸುವುದೆಂದರೆ ಯಾರಿಗೂ ಕೈ ಬರುತ್ತಿರಲಿಲ್ಲ. ಒಬ್ಬಳಂತೂ ಫೋನನ್ನು ಏಪ್ರನ್ನಿನೊಳಗೆ ಹಾಕಿಕೊಂಡು ಬಾತ್‌ರೂಮಿಗೆ ಹೋಗಿ ಪಾಠ ಮುಗಿಯುವವರೆಗೆ ಬರಲೇ ಇಲ್ಲ. “ನಿಮ್ಮ ಫೋಟೋ ಪಕ್ಕದವಳು ನೋಡಿದ್ರೆ ಇಷ್ಟು ಕಷ್ಟ. ಅದೇ ಫೋನಲ್ಲಿ ರೋಗಿಗಳ ಫೋಟೋ ಎಷ್ಟಿದೆ ನೋಡ್ಕೊಳ್ಳಿ” ಎಂದರೆ ತರಗತಿ ತಣ್ಣಗಾಗುತ್ತಿತ್ತು. ಇಡೀ ವರ್ಷದಲ್ಲಿ ನಾನು ಕಲಿಸಿದ ನಿಜವಾದ ಪಾಠ ಅದೊಂದೇ ಎಂದು ಅಂದುಕೊಂಡಿದ್ದೆ. ಅದೂ ಸಾಲದು ಎಂದು ತೋರಿಸಿಕೊಟ್ಟವಳು ಚೈತ್ರಾ.

ಚೈತ್ರಾ ಎರಡನೇ ವರ್ಷದ ವಿದ್ಯಾರ್ಥಿನಿ, ದುರ್ಗಿಗುಡಿಯ ಹುಡುಗಿ. ಚುರುಕು, ಬಾಯಿ ಜೋರು, ಕೆಲಸದಲ್ಲಿ ಒಂದು ಕೈ ಮುಂದು. ಚರ್ಮದ ವಾರ್ಡಿನಲ್ಲಿ ಅವಳಿಗೆ ಕೇಸ್ ಪ್ರೆಸೆಂಟೇಶನ್ ಇತ್ತು. ಅಂದರೆ ಒಬ್ಬ ರೋಗಿಯನ್ನು ಆರಿಸಿಕೊಂಡು, ಅವರ ಕಾಯಿಲೆ, ಚಿಕಿತ್ಸೆ, ಆರೈಕೆ ಎಲ್ಲವನ್ನೂ ತರಗತಿಯ ಮುಂದೆ ವಿವರಿಸಬೇಕು. ಅವಳು ಆರಿಸಿಕೊಂಡದ್ದು ಅಡುಗೆ ಗಣಪಯ್ಯನವರನ್ನು.

ಇದನ್ನು ಬರೆಯುವ ಮುಂಚೆ ಅವರ ಒಪ್ಪಿಗೆ ಕೇಳಿದ್ದೇನೆ. “ಹೆಸರು ಬೇಕಾದ್ದು ಹಾಕ್ಕೊಳ್ಳಿ, ನನ್ನ ಸಾರು ಚೆನ್ನಾಗಿತ್ತು ಅಂತ ಮಾತ್ರ ಬರೀರಿ” ಎಂದರು. ಹಾಗಾಗಿ ಹೆಸರು ನಾನಿಟ್ಟದ್ದು, ಸಾರು ಅವರದೇ. ಶಿವಮೊಗ್ಗ, ಭದ್ರಾವತಿ ಎರಡೂ ಕಡೆ ಮದುವೆ ಮುಂಜಿಗಳ ಅಡುಗೆ ಅವರದು. ಅವರಿಗೆ ಮಣಿಕಟ್ಟಿನಿಂದ ಮೇಲೆ ತೋಳಿನಲ್ಲಿ ಇದ್ದದ್ದು ಸೋರಿಯಾಸಿಸ್. ಚರ್ಮ ಅಲ್ಲಲ್ಲಿ ಕೆಂಪಗೆ ದಪ್ಪಗಾಗಿ ಮೇಲೆ ಬೆಳ್ಳಗೆ ಹೊಟ್ಟು ಏಳುತ್ತದೆ. ಮುಟ್ಟಿದರೂ ಅಂಟುವುದಿಲ್ಲ, ಒಂದೇ ತಟ್ಟೆಯಲ್ಲಿ ಉಂಡರೂ ಅಂಟುವುದಿಲ್ಲ. ಆದರೆ ಅಡುಗೆಯವರ ಕೈಯಲ್ಲಿ ಅದನ್ನು ಕಂಡರೆ ಜನ ಎಲೆಯ ಮುಂದೆ ಕೂರುತ್ತಾರೆಯೇ? ಅದಕ್ಕೇ ಅವರು ವರ್ಷಗಟ್ಟಲೆ ಒಲೆಯ ಮುಂದೆ ತುಂಬುತೋಳಿನ ಅಂಗಿ ಹಾಕಿಕೊಂಡೇ ನಿಂತಿದ್ದರು. ಹೆಂಡತಿಯ ಹೊರತು ಯಾರಿಗೂ ಗೊತ್ತಿರಲಿಲ್ಲ.

ಚೈತ್ರಾ ಅವರ ಬಲಗೈ ಫೋಟೋ ತೆಗೆದುಕೊಂಡಳು. ಮೊಣಕೈಯಿಂದ ಬೆರಳಿನವರೆಗೆ. ಮುಖ ತೆಗೆಯಬಾರದು ಎಂಬ ನಿಯಮ ಅವಳಿಗೆ ಗೊತ್ತಿತ್ತು, ತೆಗೆಯಲಿಲ್ಲ. ಪ್ರೆಸೆಂಟೇಶನ್ ಚೆನ್ನಾಗಿಯೇ ಆಯಿತು. ಆ ಚಿತ್ರ ನೋಡಿದ ನಾನೂ ಮುಖವಿಲ್ಲವಲ್ಲ ಎಂದು ತಲೆದೂಗಿದ್ದೆ.

ಅದೇ ವಾರ ಅವಳ ಅಕ್ಕನ ನಿಶ್ಚಿತಾರ್ಥವಾಗಿತ್ತು. ಭಾನುವಾರ ನೆಂಟರೆಲ್ಲ ಸೇರಿದಾಗ ಚೈತ್ರಾ ತನ್ನ ಫೋನನ್ನು ದೊಡ್ಡ ಟಿವಿಗೆ ಜೋಡಿಸಿ ನಿಶ್ಚಿತಾರ್ಥದ ಫೋಟೋಗಳನ್ನು ಓಡಲು ಬಿಟ್ಟು, ಕಾಫಿ ತರಲು ಒಳಗೆ ಹೋದಳು. ಬೇರೆಯವರ ಮನೆಯ ಹುಡುಗಿಯ ಫೋನಿನಲ್ಲಿ ಸೀರೆಯ ನಂತರ ಸೀರೆಯೇ ಬರುತ್ತದೆ. ನರ್ಸಿಂಗ್ ಹುಡುಗಿಯ ಫೋನಿನಲ್ಲಿ ಹಾಗಲ್ಲ. ಉಂಗುರ ಬದಲಾಯಿಸುವ ಚಿತ್ರದ ಬೆನ್ನಿಗೆ ಯಾರದೋ ಕಾಲಿನ ಹುಣ್ಣು ಬಂತು. ಕೋಡುಬಳೆ ಕಡಿಯುತ್ತಿದ್ದವರು ಕಡಿಯುವುದನ್ನು ನಿಲ್ಲಿಸಿದರು. ಅದಾದ ಮೇಲೆ ಟಿವಿಯ ತುಂಬ ಒಂದು ಕೈ ಬಂತು.

“ಇದು ಗಣಪಯ್ಯನ ಕೈ ಅಲ್ವೇನೇ?” ಎಂದರು ಚೈತ್ರಾಳ ಸೋದರತ್ತೆ.

ಆ ಕೈಯ ಹಿಂಭಾಗದಲ್ಲಿ, ಹೆಬ್ಬೆರಳಿನ ಬುಡಕ್ಕೆ, ಬೆಲ್ಲದ ಪಾಕ ಬಿದ್ದು ಸುಟ್ಟ ಹಳೆಯ ಕಲೆಯಿತ್ತು. ಎಷ್ಟೋ ಮದುವೆಗಳಲ್ಲಿ ಆ ಕೈ ಅವರ ಎಲೆಗೆ ಪಾಯಸ ಬಡಿಸಿತ್ತು. ಮುಖ ಕಾಣದಿದ್ದರೆ ಗುರುತು ಸಿಗದು ಎಂಬುದು ದೊಡ್ಡ ಊರಿನವರು ಮಾಡಿದ ನಿಯಮ. ನಮ್ಮಲ್ಲಿ ಕೆಮ್ಮಿದರೂ ಯಾರೆಂದು ಹೇಳುತ್ತಾರೆ. ಕಷ್ಟವೇನೆಂದರೆ, ಅಕ್ಕನ ಮದುವೆಯ ಅಡುಗೆಗೆ ವೀಳ್ಯ ಕೊಟ್ಟದ್ದು ಗಣಪಯ್ಯನವರಿಗೇ.

ಮರುದಿನ ಬೆಳಿಗ್ಗೆ ಚೈತ್ರಾಳ ತಾಯಿ ಸುಮಿತ್ರಮ್ಮ ನನಗೆ ಫೋನ್ ಮಾಡಿದರು.

“ಮೇಡಂ, ನಮ್ಮ ಹುಡುಗಿ ಫೋನಲ್ಲಿರೋ ಕೈ ಗಣಪಯ್ಯನವರದ್ದೇ ಅಲ್ವಾ?”

“ಯಾರದ್ದು ಅಂತ ನಾನು ಹೇಳೋ ಹಾಗಿಲ್ಲಮ್ಮ.”

“ಹಾಗಾದ್ರೆ ಅವರದ್ದಲ್ಲ ಅನ್ನಿ.”

“ಅದನ್ನೂ ಹೇಳೋ ಹಾಗಿಲ್ಲ.”

“ಆ ಕಾಯಿಲೆ ಏನು, ಅಂಟುತ್ತಾ, ಅದನ್ನಾದ್ರೂ ಹೇಳಿ.”

“ಅದೂ ಆಗಲ್ಲಮ್ಮ.”

“ಏನೂ ಹೇಳದೇ ಇರೋಕೆ ನಿಮಗೆ ಸಂಬಳ ಬೇರೆ ಕೊಡ್ತಾರಾ?” ಎಂದು ಸುಮಿತ್ರಮ್ಮ ಫೋನ್ ಇಟ್ಟರು. ಆಕೆ ಹೇಳಿದ್ದು ಸರಿಯೇ, ಕೊಡುತ್ತಿದ್ದರು.

ನನ್ನ ಸಂಕಟ ನಿಮಗೆ ಅರ್ಥವಾಗಬೇಕು, ಮುಂದೆ ನಿಮಗೂ ಬರುತ್ತದೆ. ಅಂಟುವುದಿಲ್ಲ ಎಂದು ಹೇಳಿದರೆ ಗಣಪಯ್ಯನವರ ಅನ್ನ ಉಳಿಯುತ್ತದೆ. ಆದರೆ ಹಾಗೆ ಹೇಳಿದರೆ, ಅವರು ನಮ್ಮ ರೋಗಿ, ಅವರಿಗೆ ಇಂಥ ಕಾಯಿಲೆ ಎಂದು ನಾನೇ ಸಾರಿದಂತೆ. ಸುಮ್ಮನಿದ್ದರೆ ಸೋದರತ್ತೆ ಸುಮ್ಮನಿರುವುದಿಲ್ಲ. ಮಧ್ಯಾಹ್ನದೊಳಗೆ ಆಕೆ ಭದ್ರಾವತಿಯ ಇಬ್ಬರು ನಾದಿನಿಯರಿಗೆ ಸುದ್ದಿ ಮುಟ್ಟಿಸಿಯಾಗಿತ್ತು ಎಂದು ಚೈತ್ರಾ ಅಳುತ್ತಾ ಹೇಳಿದಳು. ಮದುವೆಯ ಕಾಲ. ಒಂದು ಮನೆ ಕೈಬಿಟ್ಟರೆ ಉಳಿದ ಮನೆಗಳೂ ಬಿಡುತ್ತವೆ.

ಪ್ರಿನ್ಸಿಪಾಲರ ಬಳಿ ಹೋದೆ. ಒಳ್ಳೆಯ ಮನುಷ್ಯರು, ಆದರೆ ಯಾವ ಬೆಂಕಿಯನ್ನಾದರೂ ಸುತ್ತೋಲೆಯಿಂದ ಆರಿಸಬಹುದೆಂದು ನಂಬಿದ್ದರು.

“ಹುಡುಗಿ ಕೈಲಿ ತಪ್ಪಾಯ್ತು ಅಂತ ಬರೆಸಿ. ಫೋಟೋ ಡಿಲೀಟ್ ಮಾಡಿದಾಳಲ್ಲ, ಮುಗೀತು,” ಎಂದರು.

“ಫೋನಿಂದ ಡಿಲೀಟ್ ಆಯ್ತು ಸಾರ್. ಸೋದರತ್ತೆ ತಲೆಯಿಂದ ಡಿಲೀಟ್ ಮಾಡೋ ಬಟನ್ ಎಲ್ಲಿದೆ?”

“ಮತ್ತೇನು ಮಾಡ್ಬೇಕು ಅಂತೀರಿ?”

“ಮೊದಲು ಆ ರೋಗಿಗೆ ಹೇಳ್ಬೇಕು. ಊರಿಗೆಲ್ಲ ಗೊತ್ತಾಗಿ ಅವರಿಗೆ ಮಾತ್ರ ಗೊತ್ತಿಲ್ಲ.”

ಪ್ರಿನ್ಸಿಪಾಲರು ಕನ್ನಡಕ ತೆಗೆದು ಒರೆಸಿದರು, ಹಾಕಿಕೊಂಡರು, ಮತ್ತೆ ತೆಗೆದರು. ರೋಗಿ ಕೋರ್ಟಿಗೆ ಹೋದರೆ, ಪೇಪರಿಗೆ ಹೋದರೆ ಎಂದೆಲ್ಲ ಲೆಕ್ಕ ಹಾಕಿದರು. ಕೊನೆಗೆ, ತಾವು ಜೊತೆಗೆ ಬರುವುದಿಲ್ಲ ಎಂಬ ಷರತ್ತಿನ ಮೇಲೆ ಒಪ್ಪಿದರು.

ಗಣಪಯ್ಯನವರು ಅಷ್ಟರಲ್ಲಿ ಡಿಸ್ಚಾರ್ಜ್ ಆಗಿದ್ದರು, ಮನೆ ಮಲವಗೊಪ್ಪದಲ್ಲಿ. ಮರುದಿನ ಬೆಳಿಗ್ಗೆ ನಾನೂ ಚೈತ್ರಾಳೂ ಹೋದಾಗ ಅಂಗಳದಲ್ಲಿ ಕೊಪ್ಪರಿಗೆಗಳನ್ನು ಬೋರಲು ಹಾಕಿ ಒಣಗಿಸಿದ್ದರು. “ಓ, ಬಿಪಿ ನೋಡೋ ಹುಡುಗಿ, ಬಾ ಬಾ” ಎಂದು ಸಂತೋಷದಿಂದಲೇ ಕರೆದು ಕೂರಿಸಿದರು. ಆ ಸಂತೋಷ ನೋಡಿ ನನಗೆ ಎದ್ದು ಹೋಗಿಬಿಡೋಣ ಅನ್ನಿಸಿತು. ದಾರಿಯುದ್ದಕ್ಕೂ ಏನು ಹೇಳಬೇಕೆಂದು ಬಾಯಿಪಾಠ ಮಾಡಿದ್ದ ಚೈತ್ರಾ ಅದೆಲ್ಲ ಮರೆತು, ತಲೆ ತಗ್ಗಿಸಿಕೊಂಡು, ಟಿವಿಯ ವಿಷಯದಿಂದ ಶುರುಮಾಡಿ ಹಿಂದಕ್ಕೆ ಹೇಳುತ್ತಾ ಹೋದಳು. ನಾನು ಬಾಯಿ ಹಾಕಲಿಲ್ಲ. ಅದು ಅವಳೇ ಹೇಳಬೇಕಾದದ್ದು.

ಗಣಪಯ್ಯನವರು ಕೂಗಾಡಲಿಲ್ಲ. ಕೂಗಾಡಿದ್ದರೆ ನಮಗೆ ಸುಲಭವಾಗುತ್ತಿತ್ತು.

“ನೀನು ಕೈ ಚಾಚಿ ಅಂದೆ. ಔಷಧ ಹಚ್ತೀಯ ಅಂದ್ಕೊಂಡು ಚಾಚಿದೆ,” ಎಂದರು.

“ಮುಖ ತೆಗ್ದಿರ್ಲಿಲ್ಲ...”

“ನನ್ನ ಮುಖ ಯಾರಿಗೆ ಬೇಕು ಮಾರಾಯ್ತಿ. ಅಡುಗೆಯವನಿಗೆ ಕೈಯೇ ಮುಖ.”

ಚೈತ್ರಾ ಬಿಕ್ಕಿದಳು. ಅವರು ಸಮಾಧಾನ ಹೇಳಲಿಲ್ಲ, ಹೇಳಬೇಕಾಗಿಯೂ ಇರಲಿಲ್ಲ. “ಇನ್ನೂ ಎಲ್ಲೆಲ್ಲಿದೆ ಆ ಫೋಟೋ?” ಎಂದು ಕೇಳಿದರು. ಅಲ್ಲೇ ಕೂತು ಹುಡುಕಿದೆವು. ಅಳಿಸಿದ ಫೋಟೋ ಫೋನಿನ ಕಸದ ಬುಟ್ಟಿಯಲ್ಲಿ ಇನ್ನೂ ಬೆಚ್ಚಗೆ ಕೂತಿತ್ತು. ಇಂಟರ್ನೆಟ್ಟಿನ ಖಾತೆಯಲ್ಲಿ ಅದರದೊಂದು ನಕಲಿತ್ತು. ಪ್ರೆಸೆಂಟೇಶನ್ ಚೆಂದ ಮಾಡಿಕೊಡಲು ಗೆಳತಿಗೆ ಕಳಿಸಿದ್ದರಲ್ಲಿ ಮತ್ತೊಂದು. ಗೆಳತಿಗೆ ಫೋನ್ ಮಾಡಿ ಅದನ್ನೂ ಅಳಿಸಿಸಿದೆವು. ಹುಡುಗಿಯರಾ, ಒಂದು ಫೋಟೋ ತೆಗೆಯುವುದು ಒಂದು ಬೆರಳಿನ ಕೆಲಸ, ಅದನ್ನು ಇಲ್ಲವಾಗಿಸುವುದಕ್ಕೆ ಆ ದಿನ ನಮಗೆ ಅರ್ಧ ಬೆಳಗು ಹಿಡಿಯಿತು.

“ನಾಳೆ ಬೆಳಿಗ್ಗೆ ನಿಮ್ಮನೆಗೆ ಬರ್ತೀನಿ. ಅವತ್ತು ಟಿವಿ ನೋಡಿದೋರೆಲ್ಲ ಇರ್ಲಿ,” ಎಂದು ಗಣಪಯ್ಯನವರು ಚೈತ್ರಾಳಿಗೆ ಹೇಳಿ, ನನ್ನ ಕಡೆ ತಿರುಗಿ, “ನೀವೂ ಬನ್ನಿ ಮೇಡಂ” ಎಂದರು.

ಮರುದಿನ ದುರ್ಗಿಗುಡಿಯ ಆ ನಡುಮನೆಯಲ್ಲಿ ಎಲ್ಲರೂ ಸೇರಿದ್ದರು. ಸೋದರತ್ತೆ ಆರಾಮಕುರ್ಚಿಯಲ್ಲಿ, ಸುಮಿತ್ರಮ್ಮ ಬಾಗಿಲಿಗೊರಗಿ, ಮದುಮಗಳು ಅವರ ಬೆನ್ನ ಹಿಂದೆ. ಬೇರೆ ಅಡುಗೆಯವರ ನಂಬರನ್ನು ಆಗಲೇ ಯಾರೋ ತಂದುಕೊಟ್ಟಿದ್ದರಂತೆ. ಗಣಪಯ್ಯನವರು ಕೂರಲಿಲ್ಲ. ನಿಂತಲ್ಲೇ ಬಲತೋಳಿನ ಗುಂಡಿ ಬಿಚ್ಚಿ, ಅಂಗಿಯನ್ನು ಮೊಣಕೈ ದಾಟುವವರೆಗೆ ಮಡಚಿದರು.

“ಮೊನ್ನೆ ನೀವು ನೋಡಿದ್ದು ಇದೇ ಕೈ. ಅವತ್ತು ನಾನು ತೋರ್ಸಿರ್ಲಿಲ್ಲ. ಇವತ್ತು ನಾನೇ ತೋರಿಸ್ತಿದೀನಿ. ಕೇಳೋದಿದ್ರೆ ನನ್ನನ್ನೇ ಕೇಳಿ.”

ಫೋಟೋವನ್ನು ಬಿಟ್ಟ ಕಣ್ಣು ಬಿಟ್ಟಂತೆ ನೋಡಿದವರು ಈಗ ನೆಲ ನೋಡುತ್ತಿದ್ದರು. ಸೋದರತ್ತೆ ಮಾತ್ರ ಕೇಳಿದರು.

“ಅಂಟುತ್ತಾ ಇದು?”

“ಅಂಟಲ್ಲ ಅಂತ ನಾನಂದ್ರೆ, ಹೊಟ್ಟೆಪಾಡಿಗೆ ಹೇಳ್ತಾನೆ ಅಂತೀರಿ. ಓದ್ತಿರೋ ಹುಡುಗಿ ನಿಮ್ಮನೇಲೇ ಇದಾಳೆ, ಅವಳನ್ನ ಕೇಳಿ.”

ಎಲ್ಲರೂ ಚೈತ್ರಾಳ ಕಡೆ ತಿರುಗಿದರು. ಅವಳಿಗೆ ಉತ್ತರ ಬಾಯಿಪಾಠ. ತರಗತಿಯಲ್ಲಿ ಅದನ್ನೇ ಹೇಳಿ ಚಪ್ಪಾಳೆ ತೆಗೆದುಕೊಂಡಿದ್ದಳು. ಬಾಯಿ ತೆರೆದಳು, ಮುಚ್ಚಿದಳು. ಆಮೇಲೆ ಅತ್ತೆಯನ್ನು ಬಿಟ್ಟು ಗಣಪಯ್ಯನವರ ಮುಖ ನೋಡಿದಳು.

“ಹೇಳ್ಲಾ?” ಎಂದು ಅವರನ್ನು ಕೇಳಿದಳು.

ಇಷ್ಟು ಬ್ಯಾಚುಗಳಿಗೆ ಬೀಗ, ಪಾಸ್‌ವರ್ಡ್, ಅನುಮತಿ ಎಂದೆಲ್ಲ ಒದರಿದ್ದೇನೆ. ಒಬ್ಬ ವಿದ್ಯಾರ್ಥಿನಿ ರೋಗಿಯನ್ನು ಹಾಗೆ ಕೇಳಿದ್ದನ್ನು ನನ್ನ ಕಿವಿಯಾರೆ ಕೇಳಿದ್ದು ಅದೇ ಮೊದಲು. ಗಣಪಯ್ಯನವರು ಅವಳನ್ನು ಕಾಯಿಸಿದರು. ಕಾಯಿಸುವ ಹಕ್ಕು ಅವರಿಗಿತ್ತು.

“ಹೇಳು,” ಎಂದರು.

ಚೈತ್ರಾ ಹೇಳಿದಳು. ಕಾಯಿಲೆಯ ಹೆಸರು, ಅದು ಯಾಕೆ ಬರುತ್ತದೆ, ಮುಟ್ಟಿದರೆ, ಉಂಡರೆ, ಪಕ್ಕದಲ್ಲಿ ಕೂತರೆ ಯಾಕೆ ಬರುವುದಿಲ್ಲ, ಎಲ್ಲವನ್ನೂ ಅತ್ತೆಗೆ ಅರ್ಥವಾಗುವ ಮಾತಿನಲ್ಲಿ. ಕೇಳಿದಷ್ಟೇ ಹೇಳಿದಳು, ಕೇಳದೇ ಇದ್ದದ್ದನ್ನು ಹೇಳಲಿಲ್ಲ. ಸೋದರತ್ತೆ ಕನ್ನಡಕ ಏರಿಸಿಕೊಂಡು ಎದ್ದು ಬಂದು, ಸಂತೆಯಲ್ಲಿ ಬದನೆಕಾಯಿ ನೋಡುವಂತೆ ಆ ಕೈಯನ್ನು ಹಿಡಿದು ಆ ಕಡೆ ಈ ಕಡೆ ತಿರುಗಿಸಿ ನೋಡಿದರು.

“ನೋವಿದೆಯಾ?”

“ಒಲೆ ಮುಂದೆ ಉರಿ ಜಾಸ್ತಿ.”

“ಮತ್ತೆ ಆ ಸೆಕೇಲಿ ತುಂಬುತೋಳು ಯಾಕೆ ಹಾಕ್ಕೋತೀರಿ ಮಾರಾಯ್ರೇ?”

ಗಣಪಯ್ಯನವರು ಆಕೆಯನ್ನೇ ನೋಡಿದರು. ಸೋದರತ್ತೆ ಕೈ ಬಿಟ್ಟು ಹೋಗಿ ಕುರ್ಚಿಯಲ್ಲಿ ಕೂತರು. ಸೆರಗು ಸರಿಮಾಡಿಕೊಂಡರು.

“ಹೋಳಿಗೆಗೆ ಕಡ್ಲೆಬೇಳೆ ಹಾಕ್ತೀರೋ, ತೊಗರಿಬೇಳೆನೋ?” ಎಂದರು.

“ಕಡ್ಲೆಬೇಳೆ.”

“ಗಂಡಿನ ಕಡೆಯೋರಿಗೆ ತೊಗರಿಬೇಳೆದೇ ಆಗ್ಬೇಕಂತೆ.”

“ಹೂರಣದ ವಿಷಯ ನನಗೆ ಬಿಡಿ ತಾಯಿ,” ಎಂದು ಗಣಪಯ್ಯನವರು ತೋಳು ಇಳಿಸಿ ಗುಂಡಿ ಹಾಕಿಕೊಂಡರು.